ಲ್ಯಾಪ್‌ಟಾಪ್ ಚೀಟಿಯ ಸಣ್ಣ ಅಕ್ಷರಗಳು

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ಮಕ್ಕಳಿಗೆ ಲ್ಯಾಪ್‌ಟಾಪ್ ಕೊಡಿಸುವ ಓಡಾಟ ಶುರುವಾಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಾಗಲಿ, ತಾಲ್ಲೂಕು ಕೇಂದ್ರದ ಅಂಗಡಿಯಾಗಲಿ, ಲ್ಯಾಪ್‌ಟಾಪ್ ಪಕ್ಕದಲ್ಲಿ ಇಂಥದ್ದೊಂದು ಚೀಟಿ ಇರುತ್ತದೆ: ‘ಐ5-1235ಯು, 8 ಜಿಬಿ ಡಿಡಿಆರ್4, 512 ಜಿಬಿ ಎಂ.2 ಎಸ್‌ಎಸ್‌ಡಿ’. ಹೆತ್ತವರು ಕೇಳುವುದು ಮಾತ್ರ ಹೆಚ್ಚಾಗಿ ಒಂದೇ: ‘ಇದಕ್ಕಿಂತ ಐ7 ಒಳ್ಳೇದಲ್ವಾ?’

ಹಾಗೇನಿಲ್ಲ. ಐ5, ಐ7 ಎಂಬುದು ಇಂಟೆಲ್ ಪ್ರೊಸೆಸರಿನ ದರ್ಜೆ ಅಷ್ಟೇ. ಅದರ ವಯಸ್ಸು ತಿಳಿಯುವುದು ಮುಂದಿನ ಅಂಕಿಗಳಿಂದ. 1235ರಲ್ಲಿನ 12 ಎಂದರೆ 12ನೇ ಜನರೇಷನ್. 2017ರಲ್ಲಿ ಬಂದ ಐ7-8550ಯು 8ನೆಯದು. ಅದರಲ್ಲಿರುವುದು 4 ಕೋರ್ (ಲೆಕ್ಕ ಮಾಡುವ ಘಟಕ). 2022ರ ಈ ಐ5ರಲ್ಲಿ 2 ದೊಡ್ಡವು, 8 ಚಿಕ್ಕವು ಸೇರಿ 10 ಕೋರ್ ಇವೆ, ಕೆಲಸದಲ್ಲೂ ಇದೇ ಮುಂದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಈ ಜನರೇಷನ್ ಅಂಕಿಯನ್ನು ಮೊದಲು ನೋಡಬೇಕು. 8ನೇ ಜನರೇಷನ್‌ಗಿಂತ ಹಳೆಯ ಇಂಟೆಲ್ ಚಿಪ್‌ಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ಕೊನೆಯ ಅಕ್ಷರ ‘ಯು’ ಆಗಿದ್ದರೆ ಕಡಿಮೆ ವಿದ್ಯುತ್ತಿನಲ್ಲಿ ಓಡುವ ಚಿಪ್, ‘ಎಚ್’ ಆಗಿದ್ದರೆ ಹೆಚ್ಚು ವಿದ್ಯುತ್ ಎಳೆದು ಹೆಚ್ಚು ದುಡಿಯುವ ಚಿಪ್. ಕ್ಯಾಡ್, ವಿಡಿಯೊ ಎಡಿಟಿಂಗ್ ಇಲ್ಲದವರಿಗೆ ‘ಯು’ ಸಾಕು.

ಐ7ಗೆ ಹಾಕುವ ಹೆಚ್ಚುವರಿ ದುಡ್ಡನ್ನು ರ‍್ಯಾಮ್‌ಗೆ (ಚೀಟಿಯಲ್ಲಿನ ‘8 ಜಿಬಿ ಡಿಡಿಆರ್4’) ಹಾಕಿ ಎನ್ನುವುದು ನನ್ನ ಖಚಿತ ಸಲಹೆ. ತೆರೆದಿಟ್ಟ ಪ್ರೋಗ್ರಾಂಗಳು, ಬ್ರೌಸರಿನ ಟ್ಯಾಬ್‌ಗಳು ಎಲ್ಲ ಇರುವುದು ರ‍್ಯಾಮ್‌ನಲ್ಲಿ. ಅಲ್ಲಿ ಜಾಗ ತುಂಬಿದರೆ ವಿಂಡೋಸ್ ಕೆಲವನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ಡಿಸ್ಕ್ ರ‍್ಯಾಮ್‌ಗಿಂತ ಎಷ್ಟೋ ನಿಧಾನವಾದ್ದರಿಂದ, ಎಂಥ ಪ್ರೊಸೆಸರ್ ಇದ್ದರೂ ಆ ಹೊತ್ತು ಕಾಯಲೇಬೇಕು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪರದೆಯ ಚಿತ್ರಕ್ಕೂ ಇದೇ ರ‍್ಯಾಮ್‌ನಲ್ಲೇ ಪಾಲು. ಇಂಜಿನಿಯರಿಂಗ್ ವಿದ್ಯಾರ್ಥಿಗೆ 16 ಜಿಬಿ ಇದ್ದರೆ ನಿಶ್ಚಿಂತೆ.

‘ಆಮೇಲೆ ಹಾಕಿಸ್ಕೊಳ್ಳಬಹುದು’ ಎಂದು ಅಂಗಡಿಯವರು ಹೇಳಿದರೆ ಅಲ್ಲೇ ಪರೀಕ್ಷಿಸಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ‘ಪರ್ಫಾರ್ಮೆನ್ಸ್’, ಅದರೊಳಗೆ ‘ಮೆಮೊರಿ’. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ಸೋಡಿಮ್’ ಎಂದಿದ್ದರೆ ಸ್ಲಾಟಿಗೆ ಹಾಕಿ ತೆಗೆಯುವ ರ‍್ಯಾಮ್. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೇ ಬೆಸೆದದ್ದು, ಅದನ್ನು ಬದಲಿಸಲಾಗದು. ಎಲ್‌ಪಿಡಿಡಿಆರ್ ಎಂದು ಬರೆದಿದ್ದರೂ ಸಾಮಾನ್ಯವಾಗಿ ಬೆಸೆದದ್ದೇ. ಇನ್ನು ಡಿಡಿಆರ್4 ಸ್ಲಾಟಿಗೆ ಡಿಡಿಆರ್5 ಕೂರುವುದೇ ಇಲ್ಲ. ಎರಡರ ಕಚ್ಚೂ ಬೇರೆ ಬೇರೆ ಜಾಗದಲ್ಲಿರುತ್ತದೆ.

ಎಂ.2 ಎಂಬುದು ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ಅದು ಕಾರ್ಡಿನ ಆಕಾರ ಮಾತ್ರ, ವೇಗವಲ್ಲ. ಎಂ.2 ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಯೂ ಇದೆ, ಎನ್‌ವಿಎಂಇ ಎಸ್‌ಎಸ್‌ಡಿಯೂ ಇದೆ. ಸಾಟಾ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಒಳ್ಳೆಯ ಎನ್‌ವಿಎಂಇ 3,000 ಎಂಬಿಯನ್ನೂ ದಾಟುತ್ತದೆ. ಬಿಲ್ಲಿನಲ್ಲಿ ‘ಎನ್‌ವಿಎಂಇ’ ಎಂದೇ ಬರೆಸಿಕೊಳ್ಳಿ.

512 ಜಿಬಿ ಎಂದು ಕೊಂಡದ್ದು ವಿಂಡೋಸ್‌ನಲ್ಲಿ 476 ಎಂದು ಕಂಡರೆ ಮೋಸವಾಯಿತೆಂದು ಜಗಳಕ್ಕೆ ಹೋಗಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ.

ಮನೆಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ತೆವಳುತ್ತಿದ್ದರೆ ಅದೇ ಟಾಸ್ಕ್ ಮ್ಯಾನೇಜರಿನಲ್ಲಿ ‘ಡಿಸ್ಕ್’ ನೋಡಿ. ಎಚ್‌ಡಿಡಿ ಎಂದಿದ್ದರೆ ಕಾರಣ ಬಹುಪಾಲು ಅಲ್ಲೇ ಇದೆ. ತಿರುಗುವ ತಟ್ಟೆಯ ಮೇಲೆ ಓದುವ ಮುಳ್ಳು ಪ್ರತಿ ಫೈಲಿಗೂ ಜಾಗ ಹುಡುಕಿ ಸರಿಯಬೇಕು. ಒಂದೊಂದು ಹುಡುಕಾಟಕ್ಕೂ ಸುಮಾರು ಹತ್ತು ಹದಿನೈದು ಮಿಲಿಸೆಕೆಂಡು. ವಿಂಡೋಸ್ ಏಳುವಾಗ ಇಂಥ ಸಾವಿರಾರು ಹುಡುಕಾಟ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಫೋಟೊ, ಕಾಗದಪತ್ರಗಳನ್ನು ಮೊದಲು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಂಡು, 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿಸಿ. ಅಂಥ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಹಾರ್ಡ್‌ಡಿಸ್ಕ್ ಇದ್ದ ಜಾಗಕ್ಕೇ ಅದು ಕೂರುತ್ತದೆ.