ಡಿಕ್ಕಿಗೆ ಹೋದ ಬ್ಯಾಟರಿ

ಎಲೆಕ್ಟ್ರಾನಿಕ್ ಸಿಟಿಯಾಚೆಯ ಬೊಮ್ಮಸಂದ್ರದಲ್ಲಿ ತಯಾರಾಗಿ 2001ರಲ್ಲಿ ಮಾರುಕಟ್ಟೆಗೆ ಬಂದ ‘ರೇವಾ’ ವಿದ್ಯುತ್ ಕಾರಿನಲ್ಲಿ, ತಲಾ 6 ವೋಲ್ಟಿನ ಎಂಟು ಸೀಸದ ಬ್ಯಾಟರಿಗಳನ್ನು ಮುಂದಿನ ಆಸನಗಳ ಕೆಳಗೆ ಇರಿಸಿದ್ದರು. ಭಾರವಾದ ವಸ್ತುವನ್ನು ವಾಹನದಲ್ಲಿ ಎಲ್ಲಿಡಬೇಕೆಂಬುದು ವಿನ್ಯಾಸಕಾರನ ಮೊದಲ ಚಿಂತೆಗಳಲ್ಲೊಂದು. ಪಂದ್ಯಕ್ಕೆ ಪೆಟ್ರೋಲ್ ಕಾರನ್ನು ಸಿದ್ಧಪಡಿಸುವವರು ಬಾನೆಟ್ಟಿನ ಕೆಳಗಿನ ಬ್ಯಾಟರಿಯನ್ನು ಹಿಂದಿನ ಡಿಕ್ಕಿಗೆ ಸಾಗಿಸುವುದೂ ಇದೇ ಚಿಂತೆಯಿಂದ.

ಹಳೆಯ ಪ್ರೀಮಿಯರ್ ಪದ್ಮಿನಿಯನ್ನು ತೆಗೆದುಕೊಳ್ಳೋಣ. ಅದರ ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ 2.34 ಮೀಟರ್. 15 ಕಿಲೋಗ್ರಾಂ ತೂಕದ ಬ್ಯಾಟರಿಯನ್ನು 2.5 ಮೀಟರ್ ಹಿಂದಕ್ಕೆ ಒಯ್ದರೆ, ಸನ್ನೆಯ ನಿಯಮದಂತೆ ಮುಂದಿನ ಚಕ್ರಗಳಿಂದ ಸುಮಾರು 16 ಕಿಲೋಗ್ರಾಂ ಹೊರೆ ಇಳಿದು ಹಿಂದಿನ ಚಕ್ರಗಳಿಗೆ ಏರುವುದು. ಬ್ಯಾಟರಿಯ ತೂಕಕ್ಕಿಂತಲೂ ಹೆಚ್ಚು! ಈ ಕಾರಿನ ಎಂಜಿನ್ನು ಹಿಂದಿನ ಚಕ್ರಗಳನ್ನು ತಿರುಗಿಸುವುದರಿಂದ ನೆಲದ ಹಿಡಿತ ಹೆಚ್ಚುವುದು. ಮಾರುತಿ 800ರಲ್ಲಾದರೋ ತಿರುಗುವ ಬಲ ಮುಂದಿನ ಚಕ್ರಗಳಿಗೆ. ಅಲ್ಲಿಯ ಹೊರೆಯನ್ನು ಕಳೆದರೆ ಹೊರಡುವಾಗಿನ ಹಿಡಿತವೇ ತಗ್ಗುವುದು. ನೆರೆಯವನು ಮಾಡಿದನೆಂದು ಎಲ್ಲ ಕಾರುಗಳಿಗೂ ಇದನ್ನು ಮಾಡುವುದು ವಿವೇಕವಲ್ಲ.

ಸ್ಥಳ ಬದಲಾದರೆ ತಂತಿಯೂ ಉದ್ದವಾಗಬೇಕು. ಎಂಜಿನ್ನನ್ನು ಚಾಲೂ ಮಾಡುವ ಸ್ಟಾರ್ಟರು 200 ಆಂಪಿಯರನ್ನು ಎಳೆಯುವುದೆಂದು ಇಟ್ಟುಕೊಳ್ಳೋಣ. 4 ಮೀಟರ್ ಉದ್ದದ ತಾಮ್ರದ ತಂತಿಯ ಅಡ್ಡಕೊಯ್ತ 16 ಚದರ ಮಿಲಿಮೀಟರ್ ಆದರೆ ದಾರಿಯಲ್ಲೇ 0.86 ವೋಲ್ಟ್ ನಷ್ಟ; 35 ಚದರ ಮಿಲಿಮೀಟರ್ ಆದರೆ 0.4 ವೋಲ್ಟ್ ಮಾತ್ರ. ಆದ್ದರಿಂದ ದಪ್ಪ ತಂತಿಯೇ ಬೇಕು. ಈ ತಂತಿ ಎಲ್ಲಾದರೂ ಉಜ್ಜಿ, ಹೊದಿಕೆ ಸವೆದು, ಕಾರಿನ ಕಬ್ಬಿಣಕ್ಕೆ ತಾಗಿತೆನ್ನಿ. ಸಾವಿರ ಆಂಪಿಯರಿನ ಸಮೀಪದ ಪ್ರವಾಹ ಹರಿದು ಅದು ಕೆಂಪಗೆ ಕಾಯುವುದು. ತಗಡನ್ನು ತೂರಿಹೋಗುವಲ್ಲೆಲ್ಲ ರಬ್ಬರಿನ ಬಳೆ, ಬ್ಯಾಟರಿಯ ಪಕ್ಕದಲ್ಲೇ ತಕ್ಕ ಫ್ಯೂಸು ಇರಬೇಕು. ವಿದ್ಯುತ್ತು ತುಂಬುವಾಗ ಬ್ಯಾಟರಿಯಿಂದ ಹೊರಡುವ ಜಲಜನಕವು ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಹೊತ್ತಿಕೊಳ್ಳಬಲ್ಲದು; ಅದಕ್ಕೆ ಹೊರದಾರಿ ಬೇಕು.

ಇನ್ನು ಕಿಲ್ ಸ್ವಿಚ್ಚು. ಪೀಣ್ಯದ ಕಾರ್ಖಾನೆಗಳಲ್ಲಿ ಯಂತ್ರಗಳ ಮೇಲೆ ಅಣಬೆಯಾಕಾರದ ಕೆಂಪು ಗುಂಡಿಯನ್ನು ವಾಚಕರು ನೋಡಿರಬಹುದು. ಒತ್ತಿದೊಡನೆ ಯಂತ್ರಕ್ಕೆ ವಿದ್ಯುತ್ತು ನಿಲ್ಲುವುದು, ಏಕೆಂದರೆ ಅದು ಬರುವ ದಾರಿ ಒಂದೇ. ಕಾರಿನಲ್ಲಿ ಹಾಗಲ್ಲ. ಎಂಜಿನ್ನು ಓಡುತ್ತಿರುವಾಗ ಆಲ್ಟರ್ನೇಟರು ಸುಮಾರು 14 ವೋಲ್ಟನ್ನು ತಾನೇ ಉತ್ಪಾದಿಸುತ್ತಿರುವುದು. ಬ್ಯಾಟರಿಯನ್ನು ಮಾತ್ರ ಕಡಿದರೆ ಅದು ಕಿಡಿಗೆ ಬೇಕಾದ ವಿದ್ಯುತ್ತನ್ನು ಒದಗಿಸುತ್ತಲೇ ಇದ್ದು, ಮಗುಚಿದ ಕಾರಿನಲ್ಲೂ ಎಂಜಿನ್ನು ಓಡುತ್ತಿರಬಹುದು. ಸುರಿದ ಪೆಟ್ರೋಲಿನ ಪಕ್ಕದಲ್ಲಿ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಮೇಲಾಗಿ, ಬ್ಯಾಟರಿಯೆಂಬ ಹೊರೆ ಒಮ್ಮೆಗೇ ತಪ್ಪಿದಾಗ ಆಲ್ಟರ್ನೇಟರಿನ ವೋಲ್ಟೇಜು ಕ್ಷಣಕಾಲ ಹಲವು ಪಟ್ಟು ಜಿಗಿದು ಡಯೋಡುಗಳನ್ನು ಸುಡಬಲ್ಲದು. ಆದುದರಿಂದಲೇ ಪಂದ್ಯದ ಸ್ವಿಚ್ಚಿಗೆ ಆರು ತುದಿಗಳು: ಎರಡು ಬ್ಯಾಟರಿಯನ್ನು ಕಡಿಯುವುವು, ಎರಡು ಕಿಡಿಯ ಮಂಡಲವನ್ನು ಕಡಿಯುವುವು, ಉಳಿದೆರಡು ಅದೇ ಕ್ಷಣ ಕೂಡಿಕೊಂಡು ಆಲ್ಟರ್ನೇಟರಿನ ಪ್ರವಾಹವನ್ನು ಸುಮಾರು 3 ಓಮಿನ ರೋಧದ ಮೂಲಕ ಅರ್ತಿಗೆ ಹರಿಸುವುವು.

ಸ್ವಿಚ್ಚನ್ನು ಎಲ್ಲಿಡಬೇಕು? ಬ್ಯಾಟರಿ ಡಿಕ್ಕಿಯಲ್ಲಿದ್ದು ಸ್ವಿಚ್ಚು ಮುಂದೆ ಇದ್ದರೆ, ಅದನ್ನು ತಿರುಗಿಸಿದ ಮೇಲೂ ನಡುವಣ ದಪ್ಪ ತಂತಿ ಜೀವಂತವಾಗಿಯೇ ಉಳಿಯುವುದು. ಸ್ವಿಚ್ಚು ಬ್ಯಾಟರಿಯ ಬಳಿಯೇ ಇರಲಿ. ಎಳೆಯುವ ಹುರಿ ಮಾತ್ರ ಮುಂದಕ್ಕೆ ಬರಲಿ. ಅಂತರರಾಷ್ಟ್ರೀಯ ಮೋಟಾರು ಸಂಸ್ಥೆ ಎಫ್.ಐ.ಎ.ಯ ನಿಯಮದಂತೆ ಅದು ಚಾಲಕನಿಗೂ ಹೊರಗಿನವರಿಗೂ ಎಟುಕಬೇಕು. ಮುಚ್ಚಿದ ಕಾರುಗಳಲ್ಲಿ ಹೊರಗಿನ ಹಿಡಿ ಮುಂಗಾಜಿನ ಬುಡದಲ್ಲಿದ್ದು, ಬಿಳಿಯ ಅಂಚಿನ ನೀಲಿ ತ್ರಿಕೋನದೊಳಗೆ ಕೆಂಪು ಮಿಂಚಿನ ಗುರುತು ಇರಬೇಕು.

ಜೋಡಣೆ ಸರಿಯೇ ಎಂದು ತಿಳಿಯಲು ಎಂಜಿನ್ನನ್ನು ಓಡಿಸಿ, ದೀಪಗಳನ್ನು ಹಚ್ಚಿ, ಹಿಡಿಯನ್ನು ಎಳೆಯಿರಿ. ದೀಪ ಆರಿ ಎಂಜಿನ್ನೂ ನಿಲ್ಲಬೇಕು. ಎಂಜಿನ್ನು ಓಡುತ್ತಲೇ ಇದ್ದರೆ ಆಲ್ಟರ್ನೇಟರಿನ ದಾರಿ ಇನ್ನೂ ತೆರೆದಿದೆ. ಕಾರನ್ನು ಪಂದ್ಯಕ್ಕೆ ಇಳಿಸಬಾರದು.