ಶಾಲೆಯ ಎದುರಿನ ಅಂಗಡಿಯಿಂದಲೇ ಶುರು ಮಾಡೋಣ

ಜೂನ್ 26 ಬಂತೆಂದರೆ ಮಾದಕವಸ್ತು ವಿರೋಧಿ ದಿನ. ಶಾಲೆಗಳಲ್ಲಿ ಜಾಥಾ, ಭಾಷಣ, ಪ್ರತಿಜ್ಞೆ ಎಲ್ಲವೂ ನಡೆಯುತ್ತದೆ. ನಾವೂ ಎಷ್ಟೋ ವರ್ಷ ಕೆಟ್ಟ ಶ್ವಾಸಕೋಶದ ಚಿತ್ರ ತೋರಿಸಿ ಮಕ್ಕಳನ್ನು ಹೆದರಿಸಿದ್ದೇವೆ. ಆ ಹೆದರಿಕೆ ಒಂದು ವಾರವೂ ಉಳಿಯೋದಿಲ್ಲ. "ಒಂದ್ಸಲ ನೋಡೋ, ಏನಾಗಲ್ಲ" ಎಂದು ಗೆಳೆಯನೇ ಕೈಗಿಟ್ಟಾಗ ಬೇಡ ಎನ್ನುವುದು ಹೇಗೆ? ಅದನ್ನು ಕಿರುನಾಟಕ, ಗುಂಪು ಚರ್ಚೆಗಳ ಮೂಲಕ ವರ್ಷವಿಡೀ ಅಭ್ಯಾಸ ಮಾಡಿಸಬೇಕು.

ಮಕ್ಕಳು ಮಾತ್ರ ಕಲಿತರೆ ಸಾಲದು. ಬೀಡಿ ತರಲು ಮಗನನ್ನೇ ಕಳಿಸುವ ಅಪ್ಪಂದಿರು ನಮ್ಮಲ್ಲಿಲ್ಲವೇ? 2003ರ ತಂಬಾಕು ಕಾಯ್ದೆಗೆ ಕರ್ನಾಟಕದಲ್ಲಿ 2025ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ ಶಾಲೆಯಿಂದ 100 ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. 21 ವರ್ಷದೊಳಗಿನವರಿಗೆ ಎಲ್ಲಿಯೂ ಮಾರುವಂತಿಲ್ಲ. ಮಕ್ಕಳಿಗೆ ಮದ್ಯ, ಮಾದಕವಸ್ತು, ತಂಬಾಕು ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯ್ದೆಯಡಿ 7 ವರ್ಷದವರೆಗೆ ಜೈಲು. ಶಾಲಾ ಸಮಿತಿ, ಸ್ವಸಹಾಯ ಸಂಘ, ಪಂಚಾಯಿತಿ ಸದಸ್ಯರು ಒಟ್ಟಾಗಿ ಹೋಗಿ ಅಂಗಡಿಯವರ ಹತ್ತಿರ ಮಾತಾಡಿ. ಜಗಳ ಬೇಡ, ಅವರಿಗೂ ಮಕ್ಕಳಿದ್ದಾರೆ.

ಇನ್ನೊಂದು ಮಾತು. ಸಿಕ್ಕಿಬಿದ್ದ ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸಿದರೆ ಶಾಲೆಯ ಹೆಸರು ಉಳಿಯಬಹುದು, ಹುಡುಗ ಉಳಿಯೋದಿಲ್ಲ. ಹಾಗೆ ಹೊರಬಿದ್ದ ಒಬ್ಬನ ಮನೆಗೆ ನಾವು ಹೋದಾಗ ತಾಯಿ ಕೇಳಿದ್ದು ಇಷ್ಟೇ: "ಸಿಸ್ಟರ್, ಶಾಲೇಲೇ ಇದ್ದಿದ್ರೆ ನಿಮ್ಮ ಕಣ್ಣೆದುರಿಗಾದ್ರೂ ಇರ್ತಿದ್ದ ಅಲ್ವಾ?" ನಮ್ಮಲ್ಲಿ ಉತ್ತರವಿರಲಿಲ್ಲ.

ಪ್ರಿಯ ಪಾಲಕರೇ, ಶಿಕ್ಷಕರೇ, ಬೈಯುವ ಮುಂಚೆ ಮಗುವನ್ನು ಹತ್ತಿರ ಕೂರಿಸಿ ಕೇಳಿ. ಸಲಹೆಗೆ 14446 ಉಚಿತ ಸಹಾಯವಾಣಿ ಇದೆ. ತೊಂಬತ್ತೊಂಬತ್ತು ಕುರಿಗಳನ್ನು ಬಿಟ್ಟು ಒಂದನ್ನು ಹುಡುಕಿ ಹೋದ ಕುರುಬನ ದಾರಿಯೇ ನಮ್ಮ ದಾರಿಯೂ ಆಗಲಿ.