ತಲೆ ಅಳೆಯುವುದನ್ನು ಬಿಟ್ಟು ಪ್ರಶ್ನೆ ಕೇಳಿದಾಗ

ಶೆಟ್ಟಿಕೆರೆ, ತಿಪಟೂರು ಸೀಮೆಯಲ್ಲಿ ಅಟ್ಟಕ್ಕೆ ಹಾಕಿದ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರಿನ ಸದ್ದು ಹೋಗಿ ಚಿಪ್ಪಿನೊಳಗೆ ಗಿಟುಕು ಲೊಟಲೊಟ ಉರುಳಿದರೆ ಸುಲಿಯಬಹುದು. ಒಳಗಿರುವುದನ್ನು ಹೊರಗಿನಿಂದಲೇ ತಿಳಿಯಬೇಕೆಂಬ ಇದೇ ಪೇಚು ಮನಸ್ಸಿನ ವಿಜ್ಞಾನಕ್ಕೂ ಎದುರಾಯಿತು. ಯಾವ ಸದ್ದಿಗೆ ಕಿವಿಗೊಡಬೇಕು ಎಂಬುದು ಗೊತ್ತಾಗಲು ಸುಮಾರು ಮೂರು ದಶಕ ಹಿಡಿಯಿತು.

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಮನೋವಿಜ್ಞಾನದ ಪ್ರಯೋಗಾಲಯ ತೆರೆದ. ಒಂದು ಸದ್ದು, ಒಂದು ಬೆಳಕು ತಮ್ಮೊಳಗೆ ಏನನ್ನು ಎಬ್ಬಿಸಿತು ಎಂದು ಪಳಗಿದ ಜನ ಅಲ್ಲಿ ಹೇಳಬೇಕಿತ್ತು. ಆತನ ಶಿಷ್ಯ ಟಿಚ್ನರ್ ಇದನ್ನೇ ಅಮೆರಿಕಕ್ಕೆ ಒಯ್ದು, ಮನಸ್ಸು ಯಾವ ಯಾವ ಅಂಶಗಳಿಂದ ಕೂಡಿದೆ ಎಂದು ಬಿಡಿಸಿ ನೋಡುವ ರಚನಾವಾದ ಕಟ್ಟಿದ. ಮನಸ್ಸು ಬದುಕಿನಲ್ಲಿ ಏನು ಕೆಲಸ ಮಾಡುತ್ತದೆ ಎನ್ನುವುದೇ ಮುಖ್ಯ ಎಂದು ವಿಲಿಯಂ ಜೇಮ್ಸ್ ಹಾದಿಯವರು ವಾದಿಸಿದರು, ಅದು ಕಾರ್ಯವಾದ. ಲಂಡನ್ನಿನಲ್ಲಿ ಫ್ರಾನ್ಸಿಸ್ ಗಾಲ್ಟನ್ 1884ರಲ್ಲಿ ಮೂರು ಪೆನ್ಸ್ ಪಡೆದು ಜನರ ಕೈಹಿಡಿತದ ಬಲ, ಕಣ್ಣು ಕಿವಿಗಳ ಚುರುಕು ಅಳೆಯತೊಡಗಿದ. ಇಂಥ ಅಳತೆಗಳಿಗೆ ‘ಮಾನಸಿಕ ಪರೀಕ್ಷೆ’ ಎಂದು ಹೆಸರಿಟ್ಟ ಅಮೆರಿಕದ ಕ್ಯಾಟೆಲ್, ಕೊಲಂಬಿಯಾ ವಿಶ್ವವಿದ್ಯಾಲಯದ ಹುಡುಗರನ್ನು ಪರೀಕ್ಷಿಸಿದ. 1901ರಲ್ಲಿ ಅವನ ಶಿಷ್ಯ ಕ್ಲಾರ್ಕ್ ವಿಸ್ಲರ್ ಆ ಅಳತೆಗಳನ್ನೂ ಹುಡುಗರ ಅಂಕಗಳನ್ನೂ ಅಕ್ಕಪಕ್ಕ ಇಟ್ಟು ಲೆಕ್ಕ ಹಾಕಿದರೆ, ಒಂದಕ್ಕೊಂದು ಸಂಬಂಧವೇ ಇರಲಿಲ್ಲ ಎನ್ನಬೇಕು. ಅಳೆಯಲು ಸುಲಭವಾದದ್ದನ್ನು ಅಳೆದಿದ್ದರು. ಬುದ್ಧಿ ಅಲ್ಲಿರಲಿಲ್ಲ.

ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಕಾನೂನು ಓದಿದವನು, ಮನೋವಿಜ್ಞಾನವನ್ನು ಗ್ರಂಥಾಲಯದಲ್ಲಿ ಕೂತು ತಾನೇ ಕಲಿತವನು. ಅವನೂ ಮೊದಲು ಎಡವಿದ. 1880ರ ದಶಕದಲ್ಲಿ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ವೈದ್ಯ ಶಾರ್ಕೋ ಬಳಿ ಇದ್ದಾಗ, ಸಂಮೋಹನಕ್ಕೆ ಒಳಗಾದವರ ಮೇಲೆ ಅಯಸ್ಕಾಂತ ಆಡಿಸಿದರೆ ರೋಗಲಕ್ಷಣ ಮೈಯ ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಸರಿಯುತ್ತದೆ ಎಂದು ಪ್ರಕಟಿಸಿದ್ದ. ಮಾಡಿದ್ದು ಅಯಸ್ಕಾಂತವಲ್ಲ, ಪ್ರಯೋಗ ಮಾಡಿದವರೇ ಕೊಟ್ಟ ಸೂಚನೆ ಎಂದು ಬೆಲ್ಜಿಯಂನ ಡೆಲ್ಬೋಫ್ ತೋರಿಸಿಕೊಟ್ಟ. ಬಿನೆ ತಪ್ಪು ಒಪ್ಪಿದ. ಮುಂದೆ ಶಾಲಾಮಕ್ಕಳ ತಲೆಗಳನ್ನೂ ಅಳೆದ. ಜಾಣರಿಗೂ ದಡ್ಡರೆನಿಸಿಕೊಂಡವರಿಗೂ ಮಿಲಿಮೀಟರ್ ಲೆಕ್ಕದ ಅಂತರವಷ್ಟೇ ಸಿಕ್ಕಿತು. ಅದರಲ್ಲೂ ತನ್ನ ನಿರೀಕ್ಷೆಯೇ ಅಳತೆಯನ್ನು ಎಳೆಯುತ್ತಿರಬಹುದೆಂಬ ಅನುಮಾನ ಬಂದು ಕೈಬಿಟ್ಟ.

ದಾರಿ ತೋರಿಸಿದ್ದು ಅವನ ಇಬ್ಬರು ಹೆಣ್ಣುಮಕ್ಕಳು, ಮ್ಯಾಡ್ಲೆನ್ ಮತ್ತು ಅಲೀಸ್. 1890ರ ಹೊತ್ತಿಗೆ ಮನೆಯಲ್ಲೇ ಅವರಿಗೆ ಆಟದ ಬಿಲ್ಲೆಗಳ ಎರಡು ಗುಂಪು ಹರಡಿ, ಯಾವುದರಲ್ಲಿ ಹೆಚ್ಚಿವೆ ಎಂದು ಕೇಳುತ್ತಿದ್ದ. ದೊಡ್ಡ ಬಿಲ್ಲೆಗಳು ಲೆಕ್ಕದಲ್ಲಿ ಕಡಿಮೆ ಇದ್ದರೂ ಹೆಚ್ಚು ಜಾಗ ಹಿಡಿದಿದ್ದರಿಂದ ಮಗು ಅವೇ ಜಾಸ್ತಿ ಎನ್ನುತ್ತಿತ್ತು. ಕಣ್ಣು ಕಿವಿಯ ಚುರುಕಿನಲ್ಲಿ ಮಕ್ಕಳು ದೊಡ್ಡವರಿಗಿಂತ ಅಷ್ಟೇನೂ ಹಿಂದಿರಲಿಲ್ಲ. ಅಂತರವಿದ್ದದ್ದು ತೀರ್ಮಾನಿಸುವುದರಲ್ಲಿ, ಮತ್ತು ಅದು ವಯಸ್ಸಿನೊಂದಿಗೆ ಬದಲಾಗುತ್ತಿತ್ತು.

1904ರಲ್ಲಿ, ಪಾಠ ಹತ್ತದ ಮಕ್ಕಳನ್ನು ಗುರುತಿಸಿ ಬೇರೆ ಬಗೆಯಲ್ಲಿ ಕಲಿಸುವುದು ಹೇಗೆಂದು ನೋಡಲು ಫ್ರಾನ್ಸ್ ಸರ್ಕಾರ ಆಯೋಗ ರಚಿಸಿತು. ಸದಸ್ಯನಾಗಿದ್ದ ಬಿನೆ, ವೈದ್ಯ ಥಿಯೋಡೋರ್ ಸೈಮನ್ ಜೊತೆ 1905ರಲ್ಲಿ 30 ಪ್ರಶ್ನೆಗಳ ಮಾಪಕ ತಂದ. 1908ರಲ್ಲಿ ಪ್ರಶ್ನೆಗಳನ್ನು ವಯಸ್ಸಿನ ಪ್ರಕಾರ ಜೋಡಿಸಿದ. ಮೂರರ ಮಗು ಮೂಗು, ಕಣ್ಣು, ಬಾಯಿ ತೋರಿಸಬೇಕು. ಐದರದು 3 ಗ್ರಾಂ ಮತ್ತು 12 ಗ್ರಾಂ ಡಬ್ಬಿಗಳಲ್ಲಿ ಭಾರವಾದದ್ದನ್ನು ಹೇಳಬೇಕು. ಸ್ವಲ್ಪ ದೊಡ್ಡ ಮಕ್ಕಳು ಇಪ್ಪತ್ತರಿಂದ ಹಿಂದಕ್ಕೆ ಎಣಿಸಬೇಕು, ಅಂಗಡಿ ಆಟದಲ್ಲಿ ಸರಿಯಾಗಿ ಚಿಲ್ಲರೆ ಕೊಡಬೇಕು. ಯಾವ ವಯಸ್ಸಿನವರ ಪ್ರಶ್ನೆಯವರೆಗೆ ಮಗು ದಾಟುತ್ತದೋ ಅದೇ ಅದರ ಮಾನಸಿಕ ಮಟ್ಟ. ಇದಕ್ಕೆ ಪ್ರಯೋಗಾಲಯದ ಹಿತ್ತಾಳೆ ಯಂತ್ರ ಬೇಕಿರಲಿಲ್ಲ. ಮೇಜು, ಕಾಗದ, ತಾಳ್ಮೆ ಸಾಕಿತ್ತು.

ಬಿನೆ 1911ರಲ್ಲಿ ತೀರಿಕೊಂಡ. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಈ ಮಟ್ಟವನ್ನು, ಅಂದರೆ ಮಾನಸಿಕ ವಯಸ್ಸನ್ನು, ನಿಜ ವಯಸ್ಸಿನಿಂದ ಭಾಗಿಸಿದ. 1916ರಲ್ಲಿ ಸ್ಟ್ಯಾನ್‌ಫರ್ಡ್‌ನ ಟರ್ಮನ್ ಅದನ್ನು ನೂರರಿಂದ ಗುಣಿಸಿ ಐಕ್ಯೂ ಎಂದ. ಹುಟ್ಟಿನಿಂದ ಬಂದ, ಬದಲಾಗದ ಅಂಕಿ ಎಂಬಂತೆ ಅಮೆರಿಕದಲ್ಲಿ ಅನೇಕರು ಅದನ್ನು ಬಳಸಿದರು. ಬುದ್ಧಿಯನ್ನು ಅಭ್ಯಾಸದಿಂದ ಬೆಳೆಸಬಹುದು ಎಂದು ಬಿನೆ 1909ರಲ್ಲೇ ಬರೆದು, ಇಂಥ ನಿರಾಶಾವಾದವನ್ನು ಖಂಡಿಸಿದ್ದ.

ಮೈಸೂರಿಗೆ ಮನೋವಿಜ್ಞಾನ ಬಂದದ್ದು ಇನ್ನೊಂದು ದಾರಿಯಲ್ಲಿ. ಬುದ್ಧಿಯ ಹಿಂದೆ ಒಂದೇ ಸಾಮಾನ್ಯ ಶಕ್ತಿ ಇದೆ ಎಂದು 1904ರಲ್ಲಿ ಗಣಿತದ ಮೂಲಕ ವಾದಿಸಿದವನು ಲಂಡನ್ನಿನ ಚಾರ್ಲ್ಸ್ ಸ್ಪಿಯರ್‌ಮನ್. ಆ ಪರಂಪರೆಯಲ್ಲಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ವಿಭಾಗ ಕಟ್ಟಿದರು. ಆಗ ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದವರು, ಕಲ್ಕತ್ತೆಯಲ್ಲಿ ಈ ವಿಷಯಕ್ಕೆ ಪಠ್ಯಕ್ರಮ ರೂಪಿಸಿದ್ದ ಬ್ರಜೇಂದ್ರನಾಥ ಸೀಲ್.

ಬಿನೆಯ ಪ್ರಶ್ನೆಗಳನ್ನು ಕನ್ನಡಕ್ಕೆ ತಂದವರು ವಿ.ವಿ. ಕಾಮತ್. ಟರ್ಮನ್ ಸಿದ್ಧಪಡಿಸಿದ ಸ್ಟ್ಯಾನ್‌ಫರ್ಡ್ ಆವೃತ್ತಿಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ಒಗ್ಗಿಸಿದ ಅವರ ಪ್ರಬಂಧ 1934ರಲ್ಲಿ ಪ್ರಕಟವಾಯಿತು, ಪುಸ್ತಕ 1940ರಲ್ಲಿ. ಬರೀ ಭಾಷಾಂತರ ಸಾಕಾಗುವ ಕೆಲಸವಲ್ಲ ಇದು. ಚಿಲ್ಲರೆಯ ಪ್ರಶ್ನೆ ಪ್ಯಾರಿಸ್ಸಿನ ಅಂಗಡಿಯಿಂದ ಶೆಟ್ಟಿಕೆರೆಯ ಅಂಗಡಿಗೆ ಸಲೀಸಾಗಿ ಬರುತ್ತದೆ. ಪದಗಳು, ಚಿತ್ರಗಳು ಹಾಗೆ ಬರುವುದಿಲ್ಲ. ಇಲ್ಲಿನ ಯಾವ ವಯಸ್ಸಿನ ಮಕ್ಕಳು ಯಾವುದಕ್ಕೆ ಉತ್ತರಿಸುತ್ತಾರೆ ಎಂದು ಇಲ್ಲಿನ ಮಕ್ಕಳನ್ನೇ ಕೇಳಿ ತಿಳಿಯಬೇಕು.

ಬಿನೆ–ಕಾಮತ್ ಪರೀಕ್ಷೆ ಈಗಲೂ ಚಾಲ್ತಿಯಲ್ಲಿದೆ. ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕಾಗಿ ಮಗುವನ್ನು ಕರೆದುಕೊಂಡು ತುಮಕೂರಿಗೋ ಬೆಂಗಳೂರಿಗೋ ಹೋದ ತಂದೆತಾಯಿಗೆ ಅದು ಎದುರಾಗಬಹುದು. ಅದರ ಮಾನಕ ಸುಮಾರು 90 ವರ್ಷದ ಹಿಂದಿನದು. ಶಾಲೆಯ ಮುಖ ಕಂಡ ಮಕ್ಕಳೇ ಕಡಿಮೆಯಿದ್ದ ಕಾಲದ್ದು. ಆದ್ದರಿಂದಲೇ ತಜ್ಞರು ಆ ಅಂಕಿಯೊಂದನ್ನೇ ನಂಬಿ ಕೂರುವುದಿಲ್ಲ. ಮಗು ತಾನೇ ಬಟ್ಟೆ ಹಾಕಿಕೊಳ್ಳುತ್ತದೆಯೇ, ಅಂಗಡಿಗೆ ಹೋಗಿ ಹೇಳಿದ್ದನ್ನು ತರುತ್ತದೆಯೇ ಎಂದು ಮನೆಯವರನ್ನೂ ಕೇಳುತ್ತಾರೆ. ಅಂಕಿ ಕೈಗೆ ಬಂದ ಮೇಲೆ ತಂದೆತಾಯಿ ಕೇಳಲೇಬೇಕಾದ ಪ್ರಶ್ನೆ ಎರಡು: ಇವನಿಗೆ ಈಗ ಏನನ್ನು, ಹೇಗೆ ಕಲಿಸಬೇಕು? ಮತ್ತೆ ಯಾವಾಗ ಪರೀಕ್ಷಿಸುತ್ತೀರಿ? ಬಿನೆ ಮಾಪಕ ಮಾಡಿದ್ದು ಈ ಮೊದಲ ಪ್ರಶ್ನೆಗಾಗಿಯೇ.